ಕೆಳಗಿನ ಅಡುಗೆಮನೆ

ಪತ್ರ: ಮಗಳ ಮನೆಗೆ ಹೋದಾಗ ಲಂಡನ್ನಿನ ಚೆಲ್ಸಿಯಲ್ಲಿ ಲೇಖಕ ಥಾಮಸ್ ಕಾರ್ಲೈಲ್ ಬಾಳಿದ ಮನೆ ನೋಡಿದೆ. ಅವರ ಟೋಪಿ ಇನ್ನೂ ಗೂಟದಲ್ಲೇ ಇದೆ! ಆದರೆ ನೆಲಮಾಳಿಗೆಯ ಹಳೇ ಒಲೆ, ಕಲ್ಲಿನ ತೊಟ್ಟಿ, ನೀರಿನ ಪಂಪು, ಇವನ್ನೆಲ್ಲ ಯಾಕೆ ತೋರಿಸಬೇಕೋ?
– ಓದುಗರೊಬ್ಬರು, ಧಾರವಾಡ

ಉತ್ತರ: ಟೋಪಿ ನೋಡಿ ಖುಷಿಪಟ್ಟಿರಿ, ಸಂತೋಷ. ದೊಡ್ಡ ಬರಹಗಾರ, ಅಲ್ಲವೆನ್ನುವುದಿಲ್ಲ. ಆದರೆ ಸ್ವಾಮಿ, ಆ ಮನೆಯಲ್ಲಿ ನೋಡಬೇಕಾದದ್ದೇ ಅಡುಗೆಮನೆ. ನೀವು ಸುಮ್ನೆ ಇಣುಕಿ ಬಂದಿರಿ ಅಂತ ಕಾಣುತ್ತದೆ.

ಕೆಲಸದವಳು ಮಲಗುತ್ತಿದ್ದದ್ದೂ ಅಲ್ಲೇ. ಕಾರ್ಲೈಲ್ ರಾತ್ರಿ ಕೆಳಗಿಳಿದು, ಒಲೆ ಮುಂದೆ ಕೂತು, ಹೊಗೆ ಚಿಮಣಿಯೊಳಗೆ ಹೋಗುವಂತೆ ಪೈಪು ಸೇದುತ್ತಿದ್ದ. ಅವನು ಎದ್ದು ಹೋಗುವ ತನಕ ಅವಳಿಗೆ ನಿದ್ದೆ ಇಲ್ಲ. ಅವನಿಗೋ, ಪಕ್ಕದ ಮನೆಯ ಹುಂಜ ಕೂಗಿದರೂ ತಡೆಯುತ್ತಿರಲಿಲ್ಲ! 1853ರಲ್ಲಿ ಅಟ್ಟದ ಮೇಲೆ ಜೋಡಿ ಗೋಡೆಯ ಕೋಣೆ ಕಟ್ಟಿಸಿಕೊಂಡ. ಸದ್ದು ಅಲ್ಲಿಗೂ ಬಂತು, ಆ ಮಾತು ಬೇರೆ. ಆ ಮನೆಗೆ ಬಂದ 1834ರಿಂದ ಹೆಂಡತಿ ಜೇನ್ ತೀರಿಕೊಂಡ 1866ರವರೆಗೆ 30ಕ್ಕೂ ಹೆಚ್ಚು ಕೆಲಸದವರು ಬಂದು ಹೋದರು. ಯಾರು ನಿಲ್ಲುತ್ತಾರೆ ಹೇಳಿ?

ಫ್ರೆಂಚ್ ಕ್ರಾಂತಿಯ ಬಗ್ಗೆ ಅವನು ಬರೆದ ಮೊದಲ ಸಂಪುಟದ ಹಸ್ತಪ್ರತಿ ಗೆಳೆಯ, ಚಿಂತಕ ಜಾನ್ ಸ್ಟುವರ್ಟ್ ಮಿಲ್‌ನ ಕೈಗೆ ಹೋಗಿ ಸುಟ್ಟುಹೋದ ಕಥೆ ನಿಮಗೂ ಗೊತ್ತಿರಬೇಕು. ಮಿಲ್‌ನ ಕಡೆಯ ಕೆಲಸದವಳು ರದ್ದಿ ಅಂದುಕೊಂಡು ಬೆಂಕಿಗೆ ಹಾಕಿದಳಂತೆ. ತಪ್ಪು ಮಾಡಿದರೆ ಮಾತ್ರ ಅವರಿಗೆ ಚರಿತ್ರೆಯಲ್ಲಿ ಜಾಗ. ಇನ್ನೊಂದು ಕಥೆ ಹೇಳುವವರು ಕಮ್ಮಿ. 1864ರಲ್ಲಿ ಮೇರಿ ಎಂಬ ಕೆಲಸದವಳು ಕಾರ್ಲೈಲ್ ಮನೆಯ ಪಿಂಗಾಣಿ ಪಾತ್ರೆ ಇಡುವ ಇಕ್ಕಟ್ಟು ಕೋಣೆಯಲ್ಲಿ ಮಗು ಹೆತ್ತಳು. ಬಾಗಿಲ ಆಚೆ ಕಾರ್ಲೈಲ್ ಅತಿಥಿಯೊಬ್ಬರ ಜೊತೆ ಟೀ ಕುಡಿಯುತ್ತಿದ್ದ. ಜೇನ್ ಪತ್ರದಲ್ಲಿ ಬರೆದಿಟ್ಟ ಸಂಗತಿ ಇದು.

1895ರಲ್ಲೇ ಜನ ಚಂದಾ ಎತ್ತಿ ಆ ಮನೆ ಉಳಿಸಿದರು. ನಮ್ಮಲ್ಲಿ ಅಜ್ಜಿಯ ಹಂಡೆ ಗುಜರಿಗೆ, ಒರಳು ಹಿತ್ತಲಿಗೆ. ಜಾಸ್ತಿ ಅದೃಷ್ಟವಿದ್ದರೆ ರೆಸಾರ್ಟಿನಲ್ಲಿ ಹೂಕುಂಡ! ಕಳೆದ ವರ್ಷ ಒಂದು ಹಳೇ ವಾಡೆ ನೋಡಲು ಹೋಗಿದ್ದೆ. ಯಜಮಾನರ ಬೆತ್ತಕ್ಕೂ ಹೆಸರಿನ ಚೀಟಿ. ಬೀಸುವ ಕಲ್ಲಿನ ಮೇಲೆ ಮಾತ್ರ ‘ಮುಟ್ಟಬೇಡಿ’. ಇದನ್ನು ಬೀಸಿದವರು ಯಾರಪ್ಪಾ ಅಂದೆ. ಕಾವಲಿನ ಹುಡುಗ ನಕ್ಕು, “ಯಾರೋ ಕೆಲಸದೋರು ಸಾರ್” ಅಂದ.

ಮಗಳು ಅಲ್ಲೇ ಇದ್ದಾಳಲ್ವಾ? ಇನ್ನೊಮ್ಮೆ ಹೋಗಿ. ಟೋಪಿ ಎಲ್ಲೂ ಹೋಗುವುದಿಲ್ಲ, ಸೀದಾ ಕೆಳಗೆ ಇಳಿಯಿರಿ.