ಭಾನುವಾರದ ಓವರ್‌ಟೈಮ್

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಗಂಡನಿಗೆ ನಲವತ್ತರ ಆಸುಪಾಸು. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಸೂಪರ್‌ವೈಸರ್. ಹೆಂಡತಿಯ ತವರು ಬೈಲಹೊಂಗಲ. ಇಬ್ಬರದೂ ಲಿಂಗಾಯತ ಮನೆತನ. ಹನ್ನೆರಡು ಮತ್ತು ಎಂಟು ವರ್ಷದ ಇಬ್ಬರು ಹೆಣ್ಣುಮಕ್ಕಳು.

ಭಾನುವಾರ ಓವರ್‌ಟೈಮ್ ಇದೆ ಎಂದು ಹೇಳಿ ಆತ ಚರ್ಚಿಗೆ ಹೋಗುತ್ತಿದ್ದರು. ಸಿಕ್ಕಿಬಿದ್ದದ್ದು ಒಂದು ಬುಧವಾರ ಸಂಜೆ. ಆ ಮನೆಯಲ್ಲಿ ಹಣೆಗೆ ವಿಭೂತಿ ಹಚ್ಚುವುದು ದಿನದ ಮಾತು. ಆದರೆ ಅವತ್ತು ಮೂರು ಅಡ್ಡಗೆರೆ ಇರಬೇಕಾದ ಜಾಗದಲ್ಲಿ ಹೆಬ್ಬೆರಳಿಂದ ಎಳೆದ ಶಿಲುಬೆ ಇತ್ತು. ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸು ಕಾಲ ಶುರುವಾಗುವ ದಿನ ಚರ್ಚಿನಲ್ಲಿ ಹಚ್ಚುವ, ವಿಭೂತಿ ಬುಧವಾರದ ಬೂದಿ. ಒರೆಸಿಕೊಳ್ಳಲು ಮರೆತಿದ್ದರು.

ಸಲಹೆ ಕೇಳಲು ಇಬ್ಬರೂ ನನ್ನ ಬಳಿ ಬಂದು ಕುಳಿತಾಗ ಆಕೆ ಮೊದಲು ಹೇಳಿದ ಮಾತು ಇದು: "ಯೇಸು ಮ್ಯಾಲೆ ನನಗೇನ್ ಸಿಟ್ಟಿಲ್ರಿ ಮೇಡಂ. ಓವರ್‌ಟೈಮ್ ಅಂತ ಸುಳ್ಳ ಹೇಳಿದ್ರಲ್ಲ, ಅದs ಸಂಕಟ." ಭಾನುವಾರ ಅಂದರೆ ಮಕ್ಕಳನ್ನು ಕರೆದುಕೊಂಡು ತವರಿಗೆ ಹೋಗಿಬರುವ ದಿನವಾಗಿತ್ತು. ಅದು ನಿಂತುಹೋಗಿತ್ತು.

ಆತನ ಕಡೆಯ ಕಥೆ ಬೇರೆ. 2021ರಲ್ಲಿ ಕೊರೊನಾ ಎರಡನೇ ಅಲೆಗೆ ತಂದೆ ಹೋದರು. ಮುಖ ನೋಡಲೂ ಸಿಗಲಿಲ್ಲ. ಪಿಪಿಇ ಕಿಟ್ ಹಾಕಿಕೊಂಡ ನಾಲ್ವರು ಗುಂಡಿಗಿಳಿಸಿ ಹೋದರು. ಎಷ್ಟೋ ದಿನದ ಮೇಲೆ ಜೊತೆಗೆ ಕೆಲಸ ಮಾಡುವವರ ಅಪ್ಪ ತೀರಿಕೊಂಡಾಗ, ಚರ್ಚಿನ ಕನ್ನಡ ಬಲಿಪೂಜೆಗೆ (ಮಾಸ್) ಹೋಗಿ ಕೊನೆಯ ಬೆಂಚಿನಲ್ಲಿ ಕುಳಿತರು. ಸತ್ತವರ ಹೆಸರು ಹಿಡಿದು ಅಷ್ಟೂ ಜನ ಒಟ್ಟಿಗೆ ಪ್ರಾರ್ಥಿಸಿದ್ದನ್ನು ಕೇಳಿ ಎದ್ದು ಬರಲು ಆಗಲಿಲ್ಲವಂತೆ. ಮುಂದಿನ ವಾರ ಮತ್ತೆ ಹೋದರು. ಯಾರೂ ಕರೆದಿರಲಿಲ್ಲ.

ಇದು ಅಪ್ಪನ ದುಃಖವೋ, ನಂಬಿಕೆಯೋ? ಎರಡೂ ಇರಬಹುದು. ಬೇರ್ಪಡಿಸುವುದು ನನ್ನ ಕೆಲಸವಲ್ಲ. ಆದರೆ ದುಃಖ ತುಸು ಇಳಿದ ಮೇಲೂ ಕ್ರೈಸ್ತನಾಗುವ ಈ ಆಸೆ ಉಳಿಯುತ್ತದಾ ಎಂದು ನೋಡಲು ಸಮಯ ಬೇಕು. ಆ ಸಮಯವನ್ನು ಸಭೆಯೇ, ಅಂದರೆ ಚರ್ಚೇ, ಕೊಡುತ್ತದೆ ಎಂಬುದು ಆತನಿಗೆ ಸರಿಯಾಗಿ ಗೊತ್ತಿರಲಿಲ್ಲ. ಬರುವ ತಿಂಗಳು ದೀಕ್ಷಾಸ್ನಾನ (ಬ್ಯಾಪ್ಟಿಸಂ) ಪಡೆದುಬಿಡೋಣ ಅಂದುಕೊಂಡಿದ್ದರು!

ಕ್ಯಾಥೊಲಿಕ್ ಸಭೆ ದೊಡ್ಡವರನ್ನು ಹಾಗೆ ಅವಸರದಲ್ಲಿ ಸೇರಿಸಿಕೊಳ್ಳುವುದಿಲ್ಲ. 1972ರಲ್ಲಿ ರೋಮ್ ಪ್ರಕಟಿಸಿದ ವಿಧಿಯಲ್ಲಿ ಹಂತಗಳಿವೆ. ಮೊದಲು ಸುಮ್ನೆ ಬಂದು ಕೇಳುವ, ವಿಚಾರಿಸುವ ಕಾಲ. ಆಮೇಲೆ ದೀಕ್ಷಾರ್ಥಿಯಾಗಿ, ಅಂದರೆ ದೀಕ್ಷಾಸ್ನಾನಕ್ಕೆ ತಯಾರಾಗುವವರಾಗಿ, ಸ್ವೀಕಾರ, ಬೋಧನೆ, ಪ್ರಾರ್ಥನೆ. ಇದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ, ವರ್ಷವೂ ದಾಟಬಹುದು. ತಪಸ್ಸು ಕಾಲದ ಮೊದಲ ಭಾನುವಾರ, ದೀಕ್ಷಾಸ್ನಾನಕ್ಕೆ ಸಿದ್ಧರಾದವರನ್ನು ಆರಿಸುವ ಆಯ್ಕೆಯ ವಿಧಿ. ಕೊನೆಗೆ ಪಾಸ್ಖ (ಈಸ್ಟರ್) ಜಾಗರಣೆಯ ರಾತ್ರಿ ದೀಕ್ಷಾಸ್ನಾನ, ದೃಢೀಕರಣ, ಪರಮಪ್ರಸಾದ, ಮೂರೂ ಸಂಸ್ಕಾರ ಒಟ್ಟಿಗೆ. ಅಲ್ಲಿಯವರೆಗೆ ಯಾವ ಹಂತದಲ್ಲಾದರೂ ನಿಲ್ಲಬಹುದು, ಹಿಂದೆ ಸರಿಯಬಹುದು. ಯಾರನ್ನೂ ಒತ್ತಾಯದಿಂದ ಸೇರಿಸಬಾರದು ಎಂದು ಸಭೆಯ ಕಾನೂನೇ ಹೇಳುತ್ತದೆ.

ಆಕೆಯ ಪ್ರಶ್ನೆಗಳು ಇನ್ನೂ ಗಟ್ಟಿ. ನಾನೂ ಸೇರಬೇಕಾ? ಬೇಕಿಲ್ಲ. ಮತ್ತೆ ಮದುವೆ ಆಗಬೇಕಾ? ಅದೂ ಬೇಡ, ಆಗಿರುವ ಮದುವೆಯನ್ನು ಸಭೆ ಮದುವೆ ಅಂತಲೇ ನೋಡುತ್ತದೆ. ಆತನಿಗೆ ಒಂದು ಮನೆಗೆಲಸ ಕೊಟ್ಟೆ: ಬೈಬಲಿನಲ್ಲಿ ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ ಏಳನೇ ಅಧ್ಯಾಯ ಓದಿ ಬನ್ನಿ. ನಂಬದ ಹೆಂಡತಿ ಜೊತೆಗಿರಲು ಒಪ್ಪಿದರೆ ಅವಳನ್ನು ಬಿಡಬೇಡ ಎಂದು ಅಲ್ಲಿದೆ. ಮನೆಯಲ್ಲಿ ಮಾಂಸ ಬೇಯಿಸಬೇಕಾಗುತ್ತಾ ಎಂದೂ ಆಕೆ ಕೇಳಿದರು. ಇದಕ್ಕೆ ನನಗೆ ನಗು ಬಂತು. ತಪಸ್ಸು ಕಾಲದ ಶುಕ್ರವಾರಗಳಂದು ಕ್ಯಾಥೊಲಿಕರೇ ಮಾಂಸ ಬಿಡುತ್ತಾರೆ, ಉಳಿದ ದಿನ ತಿನ್ನಲೇಬೇಕು ಎಂಬ ನಿಯಮವೂ ಇಲ್ಲ.

ಮಕ್ಕಳ ವಿಷಯದಲ್ಲಿ ಮಾತ್ರ ಖಡಕ್ಕಾಗಿ ಹೇಳಿದೆ: ಅವರನ್ನು ಎಳೆಯಬೇಡಿ. ಏಳು ವರ್ಷ ದಾಟಿದವರನ್ನು ದೀಕ್ಷಾಸ್ನಾನದ ವಿಷಯದಲ್ಲಿ ಸಭೆಯೂ ದೊಡ್ಡವರ ಸಾಲಿನಲ್ಲೇ ಇಡುತ್ತದೆ, ಅವರ ಮನಸ್ಸಿಲ್ಲದೆ ಆಗದು.

ಇನ್ನು ನೆಲದ ಕಾನೂನು. ಇದನ್ನು ಇಬ್ಬರೂ ಒಟ್ಟಿಗೆ ಕೂತು ಕೇಳಬೇಕೆಂದು ಪಟ್ಟು ಹಿಡಿದೆ. 1955ರ ಹಿಂದೂ ವಿವಾಹ ಕಾಯ್ದೆ ಲಿಂಗಾಯತರಿಗೂ ಅನ್ವಯಿಸುತ್ತದೆ. ಗಂಡ ಮತ ಬದಲಿಸಿದರೆ ಮದುವೆ ತಾನಾಗಿ ಮುರಿಯುವುದಿಲ್ಲ. ಆದರೆ ಆ ಕಾರಣಕ್ಕೆ ಹೆಂಡತಿ ವಿಚ್ಛೇದನ ಕೇಳಬಹುದು. 1956ರ ಪಾಲಕತ್ವ ಕಾಯ್ದೆಯ ಪ್ರಕಾರ ಹಿಂದೂ ಅಲ್ಲದಾದ ತಂದೆ ಚಿಕ್ಕ ಮಕ್ಕಳ ಸಹಜ ಪಾಲಕನಾಗಿ ನಡೆದುಕೊಳ್ಳುವಂತಿಲ್ಲ. ಇದು ಕೇಳಿ ಆತನ ಮುಖ ಇಳಿಯಿತು. ಕರ್ನಾಟಕದ 2022ರ ಮತಾಂತರ ಕಾಯ್ದೆಯೂ ಇದೆ, ಮಸೂದೆಗೆ ವಿಧಾನಸಭೆ ಒಪ್ಪಿದ್ದು ಇಲ್ಲೇ, ನಮ್ಮ ಸುವರ್ಣ ವಿಧಾನಸೌಧದಲ್ಲಿ. ಮೂವತ್ತು ದಿನ ಮೊದಲೇ ಜಿಲ್ಲಾಧಿಕಾರಿಗೆ ತಿಳಿಸಬೇಕು ಎನ್ನುತ್ತದೆ ಅದು. ರದ್ದು ಮಾಡುವುದಾಗಿ 2023ರಲ್ಲಿ ಸಂಪುಟ ತೀರ್ಮಾನಿಸಿತ್ತು. ಒಂದು ಹೆಜ್ಜೆ ಇಡುವ ಮುನ್ನ ವಕೀಲರನ್ನು ಕಂಡು ಇವತ್ತಿನ ನಿಯಮ ಕೇಳಿಕೊಳ್ಳಿ ಎಂದೆ.

ಕೊನೆಗೆ ಭಾನುವಾರದ ಜಗಳ. ದೀಕ್ಷಾಸ್ನಾನ ಆಗದವರಿಗೆ ಭಾನುವಾರದ ಬಲಿಪೂಜೆ ಕಡ್ಡಾಯವಲ್ಲ. ಆದವರಿಗೂ ಶನಿವಾರ ಸಂಜೆಯದು ನಡೆಯುತ್ತದೆ. ಹಾಗಾದರೆ ಭಾನುವಾರ ಬೈಲಹೊಂಗಲಕ್ಕೆ ಯಾಕೆ ಹೋಗಬಾರದು? ಆತ ತಕ್ಷಣ ಒಪ್ಪಿದರು. ಫಾದರ್ ಹತ್ತಿರ ಮನೆ ಪರಿಸ್ಥಿತಿಯನ್ನು ಮುಚ್ಚಿಡದೆ ಹೇಳಿ ಎಂದದ್ದಕ್ಕೆ ಮಾತ್ರ ಸ್ವಲ್ಪ ಹಿಂಜರಿದರು. ಅಲ್ಲೂ ಪೂರ್ತಿ ಹೇಳಿರಲಿಲ್ಲ, ಅಲ್ವಾ!

ಒಂದು ಪ್ರಶ್ನೆ ಹಾಗೇ ಉಳಿದಿದೆ. "ನಾಳೆ ಇವರು ಹ್ವಾದ್ರ ಎಲ್ಲಿ ಮಣ್ಣ ಮಾಡ್ತಾರ್ರಿ? ನನ್ನ ಎಲ್ಲಿ?" ಎಂದು ಆಕೆ ಕೇಳಿದರು. ಅಪ್ಪನ ಮಣ್ಣಿನಿಂದಲೇ ಶುರುವಾದ ವಿಷಯಕ್ಕೆ ಇದು ದೊಡ್ಡ ಪ್ರಶ್ನೆ. ಫಾದರ್ ಬಳಿಯೂ ಮನೆಯ ಹಿರಿಯರ ಬಳಿಯೂ ಆತನೇ ಕೇಳಿಕೊಂಡು ಬರಬೇಕು ಎಂದಿದ್ದೇನೆ.

ಈ ವರ್ಷ ಬೇಡ ಎಂದು ಆತನೇ ನಿರ್ಧರಿಸಿದ್ದಾರೆ. ಚರ್ಚಿಗೆ ಹೋಗುವುದು ನಿಂತಿಲ್ಲ, ಹೇಳಿಯೇ ಹೋಗುತ್ತಾರೆ. ಮುಂದಿನ ಭೇಟಿಗೆ ಆಕೆಯ ಅಣ್ಣನೂ ಬರುತ್ತಾರಂತೆ. ಸದ್ಯಕ್ಕೆ ನೀವಿಬ್ಬರೇ ಬನ್ನಿ ಎಂದು ಹೇಳಿ ಕಳಿಸಿದ್ದೇನೆ.