ಟ್ರಂಕಿನಲ್ಲಿ ಪದಕ, ಫೈಲಿನಲ್ಲಿ ಫಾರಂ 3

ಪದವಿಯ ಕೊನೆಯ ಸೆಮಿಸ್ಟರ್ ಮುಗಿಸುತ್ತಿರುವ ಕ್ರೀಡಾಪಟುಗಳ ಪತ್ರಗಳೇ ಈ ಸಲ ಹೆಚ್ಚು. ಆಯ್ದ ಕೆಲವಕ್ಕೆ ಇಲ್ಲಿ ಉತ್ತರವಿದೆ.

ಪ್ರಶ್ನೆ: ಮೂರು ವರ್ಷ 400 ಮೀಟರ್ ಓಡಿದೆ. ಎರಡು ಸಲ ಯೂನಿವರ್ಸಿಟಿ ತಂಡದಲ್ಲಿದ್ದೆ. ಈ ವರ್ಷ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಕೂಟದಲ್ಲಿ ಮೂರನೇ ಸ್ಥಾನ ಬಂತು. ಬೆಳಿಗ್ಗೆ ಐದೂವರೆಗೆ ಗ್ರೌಂಡು, ಒಂಬತ್ತಕ್ಕೆ ಕ್ಲಾಸು, ಮೀಟಿಗೆ ಹೋಗುವ ಬಸ್ಸಿನಲ್ಲೇ ನೋಟ್ಸ್ ಓದು. ಇಷ್ಟು ಬೇಗ ಮುಗಿಯುತ್ತದೆಂದು ಅಂದುಕೊಂಡಿರಲಿಲ್ಲ. ಹಾಸ್ಟೆಲ್ ಖಾಲಿ ಮಾಡುವಾಗ ಕೈಯಲ್ಲಿ ಉಳಿದದ್ದು ಒಂದು ಬ್ಲೇಜರ್, ಹದಿನಾಲ್ಕು ಪದಕ, ಒಂದು ಕಟ್ಟು ಸರ್ಟಿಫಿಕೇಟು. ಇದರಲ್ಲಿ ನಾಳೆಗೆ ಯಾವುದು ಉಪಯೋಗಕ್ಕೆ ಬರುತ್ತದೆ?
– ಅಂತಿಮ ಬಿ.ಎ. ವಿದ್ಯಾರ್ಥಿನಿ, ಹಾವೇರಿ ಜಿಲ್ಲೆ

ಉತ್ತರ: ಆ ಮೂರನೇ ಸ್ಥಾನ. ನೌಕರಿಯ ಲೆಕ್ಕದಲ್ಲಿ ಉಳಿದ ಹದಿಮೂರು ಪದಕಗಳಿಗಿಂತ ಅದೊಂದೇ ಭಾರ.

ಕೇಂದ್ರ ಸರ್ಕಾರದ ಕ್ರೀಡಾ ಕೋಟಾದಲ್ಲಿ ದೇಶವನ್ನು ಪ್ರತಿನಿಧಿಸಿದವರಿಗೆ ಮೊದಲ ಆದ್ಯತೆ, ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ಪದಕ ಗೆದ್ದವರಿಗೆ ಅದರ ನಂತರದ್ದು. ಅಂತರ ವಿಶ್ವವಿದ್ಯಾಲಯ ಕೂಟದಲ್ಲಿ ಮೊದಲ ಮೂರರೊಳಗೆ ಬಂದವರು ಅವರ ಹಿಂದೆಯೇ ನಿಲ್ಲುತ್ತಾರೆ. ಯೂನಿವರ್ಸಿಟಿ ಪರ ಆಡಿಯೂ ಪದಕ ಸಿಗದವರು ಇನ್ನೂ ಕೆಳಗೆ. ಅಂತರ ಕಾಲೇಜು ಕೂಟದ ಚಿನ್ನಕ್ಕೆ ಈ ಸಾಲಿನಲ್ಲಿ ಜಾಗವೇ ಇಲ್ಲ.

ಆದರೆ ಕೂಟದಲ್ಲಿ ಕೊಟ್ಟ ಬಣ್ಣದ ಸರ್ಟಿಫಿಕೇಟು ಒಂದನ್ನೇ ನಂಬಿ ಕೂರಬೇಡಿ. ಕೇಂದ್ರದ ನೇಮಕಾತಿಗಳಲ್ಲಿ ‘ಫಾರಂ 3’ ಎಂಬ ನಮೂನೆ ಕೇಳುತ್ತಾರೆ. ಯೂನಿವರ್ಸಿಟಿಯ ಪರವಾಗಿ ಯಾವ ಸ್ಪರ್ಧೆಯಲ್ಲಿ, ಎಲ್ಲಿ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಭಾಗವಹಿಸಿದಿರಿ, ಎಷ್ಟನೇ ಸ್ಥಾನ ಬಂತು ಎಂಬುದನ್ನು ಕಚೇರಿಯ ದಾಖಲೆ ನೋಡಿ ದೃಢೀಕರಿಸುವ ಹಾಳೆ ಅದು. ನಿಮ್ಮ ಕಾಲೇಜಿನ ಪಿ.ಡಿ. (ದೈಹಿಕ ಶಿಕ್ಷಣ ನಿರ್ದೇಶಕರು) ಸಹಿ ಅದಕ್ಕೆ ನಡೆಯುವುದಿಲ್ಲ. ಯೂನಿವರ್ಸಿಟಿಯ ದೈಹಿಕ ಶಿಕ್ಷಣ ವಿಭಾಗದ ನಿರ್ದೇಶಕರೋ ಅಲ್ಲಿ ಕ್ರೀಡೆಯ ಪೂರ್ಣ ಹೊಣೆ ಹೊತ್ತ ಅಧಿಕಾರಿಯೋ ಖುದ್ದಾಗಿ ಸಹಿ ಹಾಕಬೇಕು. ‘ಪರವಾಗಿ’ ಎಂದು ಇನ್ನೊಬ್ಬರು ಗೀಚಿದ ಸಹಿ ದಾಖಲೆ ಪರಿಶೀಲನೆಯ ದಿನ ಕೈಕೊಡುತ್ತದೆ.

ಹೋಗುವಾಗ ಕೂಟದ ಸರ್ಟಿಫಿಕೇಟು, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಕಾಲೇಜು ಗುರುತಿನ ಚೀಟಿ ಇವುಗಳ ಮೂಲ ಮತ್ತು ಜೆರಾಕ್ಸ್ ಜೊತೆಗಿರಲಿ. ನಮೂನೆ ಕೈಗೆ ಬಂದ ಮೇಲೆ ಅಲ್ಲೇ ನಿಂತು ಓದಿ. ಹೆಚ್ಚು ಎಡವಟ್ಟಾಗುವುದು ಹೆಸರಿನಲ್ಲಿ: ಅಂಕಪಟ್ಟಿಯಲ್ಲಿ ಇನಿಷಿಯಲ್ ಹೆಸರಿನ ಹಿಂದೆ, ಕೂಟದ ಸರ್ಟಿಫಿಕೇಟಿನಲ್ಲಿ ಮುಂದೆ, ಇನ್ನೊಂದರಲ್ಲಿ ಇಲ್ಲವೇ ಇಲ್ಲ. ಫಾರಂನಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರನ್ನೇ ಅಕ್ಷರಶಃ ಬರೆಸಿ. ಸ್ಥಾನದ ಜಾಗ ಖಾಲಿ ಬಿಟ್ಟಿದ್ದರೆ, ಇಲ್ಲವೇ ಬರೀ ‘ಭಾಗವಹಿಸಿದ್ದಾರೆ’ ಎಂದಿದ್ದರೆ, ನಿಮ್ಮ ಪದಕ ಕಾಗದದ ಮೇಲೆ ಹುಟ್ಟಿಯೇ ಇಲ್ಲ ಎಂದರ್ಥ. ಸಹಿ ಇರುವ ಮೂಲ ಪ್ರತಿಗಳನ್ನು ಎರಡು ಮೂರು ಮಾಡಿಸಿಟ್ಟುಕೊಳ್ಳಿ. ಫಲಿತಾಂಶ ಬಂದ ಮೇಲೆ ನೋಡಿಕೊಂಡರಾಯಿತು ಎನ್ನಬೇಡಿ. ನಿಮ್ಮನ್ನು ಗುರುತು ಹಿಡಿಯುವ ಸಿಬ್ಬಂದಿ ಇರುವಾಗ ಒಂದು ದಿನದಲ್ಲಿ ಆಗುವ ಕೆಲಸಕ್ಕೆ ಎರಡು ವರ್ಷದ ಮೇಲೆ ಹತ್ತು ಸಲ ಬಸ್ಸು ಹತ್ತಬೇಕಾಗುತ್ತದೆ.

ಅವಸರ ಮಾಡಲು ಇನ್ನೊಂದು ಕಾರಣವಿದೆ. ರೈಲ್ವೆಯ ಕ್ರೀಡಾ ಕೋಟಾದಲ್ಲಿ ಲೆವೆಲ್ 2 ಮತ್ತು 3ರ (ವೇತನ ಶ್ರೇಣಿ) ಹುದ್ದೆಗಳಿಗೆ ಅಂತರ ವಿಶ್ವವಿದ್ಯಾಲಯದ ಮೂರನೇ ಸ್ಥಾನ ಸಾಕು. ಆದರೆ ಅಲ್ಲಿ ಪರಿಗಣಿಸುವುದು ಚಾಲ್ತಿ ಆರ್ಥಿಕ ವರ್ಷ ಮತ್ತು ಹಿಂದಿನ ಎರಡು ವರ್ಷಗಳ ಸಾಧನೆಯನ್ನು ಮಾತ್ರ. 2026ರ ಜನವರಿಯಲ್ಲಿ ಗೆದ್ದ ಪದಕ 2025–26ರ ಲೆಕ್ಕಕ್ಕೆ ಸೇರುತ್ತದೆ, 2027–28ರ ನೇಮಕಾತಿಯವರೆಗೆ ಜೀವಂತ. ಆಮೇಲೆ ಅದು ಗೋಡೆಯ ಮೊಳೆಗೆ.

ರೈಲ್ವೆಯ ಅಂಕಗಳ ಹಂಚಿಕೆಯನ್ನೂ ನೋಡಿ. ನೂರರಲ್ಲಿ ಸಾಧನೆಗೆ 50, ಟ್ರಯಲ್ಸ್‌ಗೆ 40, ಓದಿಗೆ 10. ಟ್ರಯಲ್ಸ್‌ನಲ್ಲಿ 40ಕ್ಕೆ 25 ಬರದಿದ್ದರೆ ಪದಕ ಎಂಥದ್ದೇ ಇರಲಿ, ಅಲ್ಲಿಗೇ ಮುಗಿಯಿತು. ಕಾಗದ ಸರಿಯಿದ್ದು ಕಾಲು ತುಕ್ಕು ಹಿಡಿದವರು ಸೋಲುವುದು ಇಲ್ಲೇ.

ಪ್ರಶ್ನೆ: ಪರೀಕ್ಷೆಗೆಂದು ಒಂದೂವರೆ ತಿಂಗಳು ಗ್ರೌಂಡಿಗೆ ಹೋಗಲಿಲ್ಲ. ಈಗ ಊರಿನಲ್ಲಿದ್ದೇನೆ. ಟ್ರ್ಯಾಕ್ ಇಲ್ಲ, ಕೋಚ್ ಇಲ್ಲ. 200 ಮೀಟರ್ ಟೈಮಿಂಗ್ ಉಳಿಸಿಕೊಳ್ಳುವುದು ಹೇಗೆ?
– ಬಿ.ಕಾಂ. ಮುಗಿಸಿದವನು, ಚಿತ್ರದುರ್ಗ

ಉತ್ತರ: ಮೊದಲ ದಿನವೇ ಹಳೆಯ ವೇಗಕ್ಕೆ ಕೈ ಹಾಕಬೇಡಿ. ಬಿಟ್ಟ ಎರಡು ಮೂರು ವಾರದಲ್ಲೇ ದಮ್ಮು ಇಳಿಯುತ್ತದೆ. ಕಾಲಿನ ಬಲ ಅದಕ್ಕಿಂತ ಹೆಚ್ಚು ದಿನ ಉಳಿಯುತ್ತದೆ. ತಂಟೆ ಇರುವುದೇ ಇದರಲ್ಲಿ: ತೊಡೆಗೆ ಶಕ್ತಿ ಇದೆ ಎನ್ನಿಸುತ್ತದೆ, ಆದರೆ ಪೂರ್ತಿ ವೇಗದ ಎಳೆತ ಹಿಂದೊಡೆಯ ಸ್ನಾಯುವಿಗೆ ಮರೆತುಹೋಗಿರುತ್ತದೆ. ಹ್ಯಾಮ್‌ಸ್ಟ್ರಿಂಗ್ ಹಿಡಿಯುವುದು ಆಗಲೇ.

ಮೊದಲ ಎರಡು ವಾರ ಸ್ಪೈಕ್ಸ್ (ಅಡಿಗೆ ಮೊಳೆ ಇರುವ ಓಟದ ಬೂಟು) ಮುಟ್ಟಬೇಡಿ. ವಾರಕ್ಕೆ ನಾಲ್ಕು ದಿನ, 20 ನಿಮಿಷ ನಿಧಾನ ಓಟ, ಬಳಿಕ ಮುಕ್ಕಾಲು ವೇಗದಲ್ಲಿ 80 ಮೀಟರಿನ ಆರು ಓಟ, ನಡೆದು ವಾಪಸು. ಮೂರನೇ ವಾರದಿಂದ ಒಂದು ದಿನ 150 ಮೀಟರಿನ ನಾಲ್ಕು ಓಟ, ನಡುವೆ ಐದಾರು ನಿಮಿಷ ಬಿಡುವು. ಇನ್ನೊಂದು ದಿನ ಕೆರೆ ಏರಿಯ ಇಳಿಜಾರಿನಂಥ ಕಡೆ ಕೆಳಗಿನಿಂದ ಮೇಲಕ್ಕೆ 30 ಮೀಟರಿನ ಎಂಟು ಓಟ. ಏರು ಹತ್ತುವಾಗ ಹೆಜ್ಜೆ ತಾನಾಗಿ ಕಿರಿದಾಗುವುದರಿಂದ ಹ್ಯಾಮ್‌ಸ್ಟ್ರಿಂಗ್ ಮೇಲಿನ ಎಳೆತವೂ ಕಡಿಮೆ. ವಾರಕ್ಕೆ ಎರಡೇ ದಿನ ಸಿಕ್ಕರೂ ಈ ಎರಡನ್ನು ಬಿಡಬೇಡಿ. ದಿನ ಕಡಿಮೆಯಾದರೆ ತಡೆಯುತ್ತದೆ, ವೇಗ ಇಳಿಸಿದರೆ ತಡೆಯುವುದಿಲ್ಲ.

ಡಾಂಬರು ರಸ್ತೆಯಲ್ಲಿ ವೇಗದ ಓಟ ಬೇಡ, ಮೊಣಕಾಲ ಕೆಳಗಿನ ಮೂಳೆ ನೋವು ಶುರುವಾಗುತ್ತದೆ. ಶಾಲೆ ಮೈದಾನದಲ್ಲಿ 30 ಮೀಟರ್ ಟೇಪಿನಿಂದ ನೇರ ಗೆರೆ ಅಳೆದು ಸುಣ್ಣ ಹಾಕಿ. ಮೂಲೆಯಿಂದ ಮೂಲೆಗೆ ಅಳೆದರೆ ಚಿಕ್ಕ ಮೈದಾನದಲ್ಲೂ ಉದ್ದ ಸಿಗುತ್ತದೆ. ಮಣ್ಣಿಗೆ 9 ಮಿ.ಮೀ. ಮೊಳೆ ಸರಿ. ಸಿಂಥೆಟಿಕ್ ಟ್ರ್ಯಾಕಿನ ಟ್ರಯಲ್ಸ್‌ಗೆ ಹೋಗುವ ಮುನ್ನ ಅವನ್ನು ಬಿಚ್ಚಿ 6 ಮಿ.ಮೀ. ಹಾಕಿಕೊಳ್ಳಿ. ಮಣ್ಣಿನಲ್ಲಿ ತಿಂಗಳುಗಟ್ಟಲೆ ಬಿಗಿದ ಮೊಳೆ ತುಕ್ಕಿಗೆ ಕಚ್ಚಿಕೊಂಡು ಆ ದಿನ ಬಿಚ್ಚಲು ಬರುವುದೇ ಇಲ್ಲ. ಹದಿನೈದು ದಿನಕ್ಕೊಮ್ಮೆ ಸಡಿಲಿಸಿ, ಒಂದು ಹನಿ ಎಣ್ಣೆ ಬಿಡಿ.

ಪ್ರಶ್ನೆ: ಕಬಡ್ಡಿ ಆಟಗಾರ. ಕಾಲೇಜಿನಲ್ಲಿ 82 ಕೆ.ಜಿ. ಇದ್ದೆ, ಮೂರು ತಿಂಗಳಲ್ಲಿ 88 ಆಗಿದ್ದೇನೆ. ಸೀನಿಯರ್ ಆಯ್ಕೆಗೆ 85ರ ಮಿತಿ ಇದೆ. ಪ್ಲಾಸ್ಟಿಕ್ ಕೋಟು ಹಾಕಿಕೊಂಡು ಓಡಿದರೆ ಇಳಿಯುತ್ತದೆ ಅನ್ನುತ್ತಾರೆ.
– ಮಂಡ್ಯ

ಉತ್ತರ: ಇಳಿಯುವುದು ನೀರು. ಎರಡು ಚೊಂಬು ಕುಡಿದರೆ ವಾಪಸು. ತೂಕ ಹಾಕಿಸಿಕೊಂಡು ಒಣಗಿದ ಮೈಯಲ್ಲೇ ರೇಡ್‌ಗೆ ಇಳಿದರೆ ಮೀನಖಂಡ ಸೆಟೆದುಕೊಳ್ಳುತ್ತದೆ.

ಅಭ್ಯಾಸ ನಿಂತಿತು, ಊಟ ನಿಲ್ಲಲಿಲ್ಲ, ಅಷ್ಟೇ. ದಿನದ ಅಭ್ಯಾಸ ಕಡಿಮೆ ಎಂದರೂ 700 ಕ್ಯಾಲೊರಿ ತಿನ್ನುತ್ತಿತ್ತು. 100 ಗ್ರಾಂ ಹಿಟ್ಟಿನ ಒಂದು ರಾಗಿ ಮುದ್ದೆ ಸುಮಾರು 330 ಕ್ಯಾಲೊರಿ. ಅಂದರೆ ದಿನಕ್ಕೆ ಎರಡು ಮುದ್ದೆ ಈಗ ನಿಮಗೆ ಹೆಚ್ಚುವರಿ. ಮುದ್ದೆ, ಅನ್ನ ಅರ್ಧ ಮಾಡಿ. ಕಾಳಿನ ಸಾರು, ಮೊಟ್ಟೆ, ಮೊಸರು ಕಡಿಮೆ ಮಾಡಬೇಡಿ. ಅವನ್ನೂ ಇಳಿಸಿದರೆ ಕೊಬ್ಬಿನ ಜೊತೆ ತೊಡೆಯೂ ಕರಗುತ್ತದೆ, ಆಂಕಲ್ ಹೋಲ್ಡ್ (ಕಾಲಿನ ಹರಡು ಹಿಡಿಯುವ ಪಟ್ಟು) ತಪ್ಪಿಸಿಕೊಳ್ಳುವ ಬಲ ಎಲ್ಲಿಂದ ಬರಬೇಕು? ವಾರಕ್ಕೆ ಅರ್ಧ ಕೆ.ಜಿ. ಇಳಿಸಿ. 84.5ಕ್ಕೆ ಬರಲು ಏಳು ವಾರ ಬೇಕು, ಆಯ್ಕೆಯ ದಿನದಿಂದ ಹಿಂದಕ್ಕೆ ಎಣಿಸಿ ಶುರು ಮಾಡಿ.

ಪ್ರಶ್ನೆ: ಮೂರು ವರ್ಷವೂ ಖೋ-ಖೋ ಕಾಲೇಜು ತಂಡದಲ್ಲಿದ್ದೆ. ಯೂನಿವರ್ಸಿಟಿಗೆ ಒಮ್ಮೆಯೂ ಆಯ್ಕೆಯಾಗಲಿಲ್ಲ. ಅಷ್ಟೂ ವ್ಯರ್ಥವೇ?
– ದಾವಣಗೆರೆ

ಉತ್ತರ: ಕ್ರೀಡಾ ಕೋಟಾಕ್ಕೆ ಬಾರದು, ದೈಹಿಕ ಶಿಕ್ಷಣದ ಪದವಿಯಾದ ಬಿ.ಪಿ.ಎಡ್.ಗೆ ಬರುತ್ತದೆ. ಪದವಿಯಲ್ಲಿ ಶೇ 50 ಅಂಕ ಇದ್ದು ಅಂತರ ಕಾಲೇಜು ಕೂಟದಲ್ಲಿ ಆಡಿದ ದಾಖಲೆ ಇದ್ದರೆ ಅರ್ಜಿ ಹಾಕಬಹುದು, ಕೋರ್ಸು ಎರಡು ವರ್ಷ. ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರ ಹುದ್ದೆ ಮನಸ್ಸಿನಲ್ಲಿದ್ದರೆ ಸ್ನಾತಕೋತ್ತರ ಪದವಿ ಎಂ.ಪಿ.ಎಡ್. ಮಾಡಿ, ನೆಟ್ ಅಥವಾ ಕೆ-ಸೆಟ್ ಅರ್ಹತಾ ಪರೀಕ್ಷೆ ಪಾಸಾಗಬೇಕು. ಎಂ.ಎ. ಸೇರಿದರೂ ಇನ್ನೊಂದು ಬಾಗಿಲು ತೆರೆದಿದೆ: ಆ ಶೈಕ್ಷಣಿಕ ವರ್ಷದ ಜುಲೈ 1ಕ್ಕೆ 25 ತುಂಬಿರದಿದ್ದರೆ ಯೂನಿವರ್ಸಿಟಿ ಆಯ್ಕೆಗೆ ಮತ್ತೆ ನಿಲ್ಲಬಹುದು.