ಪರೀಕ್ಷೆ ಶುರುವಾಗುವುದು ಸೂಜಿಯಿಂದ

ದಾವಣಗೆರೆಯ ಓದುಗರೊಬ್ಬರ ಪತ್ರ: "ರಕ್ತದ ಮೈಕ್ರೋಆರ್‌ಎನ್‌ಎ ನೋಡಿಯೇ ಸ್ತನ ಕ್ಯಾನ್ಸರ್ ಹೇಳಬಹುದಂತೆ. ಮತ್ತೆ ಅಮ್ಮನಿಗೆ ಮ್ಯಾಮೊಗ್ರಾಂ ಯಾಕೆ? ನಮ್ಮೂರ ಲ್ಯಾಬಿನವರಿಗೆ ಇದೆಲ್ಲ ಗೊತ್ತೇ ಇಲ್ಲವೇ?"

ಸಂಪಾದಕರ ಉತ್ತರ: ನಿಮ್ಮ ಆಸೆ ನ್ಯಾಯವಾದದ್ದೇ. ಮೈಕ್ರೋಆರ್‌ಎನ್‌ಎ ಎಂದರೆ ಜೀನುಗಳ ಕೆಲಸಕ್ಕೆ ಕಡಿವಾಣ ಹಾಕುವ, ಸುಮಾರು 22 ಅಕ್ಷರಗಳ ಪುಟ್ಟ ಆರ್‌ಎನ್‌ಎ ತುಣುಕು. ಇದನ್ನು 1993ರಲ್ಲಿ ಹುಳುವೊಂದರಲ್ಲಿ ಗುರುತಿಸಿದ ಆಂಬ್ರೋಸ್ ಮತ್ತು ರುವ್ಕುನ್ ಅವರಿಗೆ 2024ರ ನೊಬೆಲ್ ಬಂತು. ಸ್ತನ ಕ್ಯಾನ್ಸರಿನಲ್ಲಿ ಮಿರ್-21 ಎಂಬ ಮೈಕ್ರೋಆರ್‌ಎನ್‌ಎ ಏರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಆದರೆ ಬೇರೆ ಎಷ್ಟೋ ಕ್ಯಾನ್ಸರುಗಳಲ್ಲೂ ಅದು ಏರುತ್ತದೆ. ಇನ್ನು ಲ್ಯಾಬಿನವರನ್ನು ದೂರಿದಿರಲ್ಲ, ಅದನ್ನು ಮಾತ್ರ ಒಪ್ಪಲಾರೆ.

ಈ ಅಣು ರಕ್ತದಲ್ಲಿ ಸುಲಭಕ್ಕೆ ಕೆಡುವುದಿಲ್ಲ. ಆರ್ಗೊನಾಟ್ ಎಂಬ ಪ್ರೋಟೀನು ಅದನ್ನು ಕಾಯುತ್ತದೆ. ತೊಂದರೆಯೆಲ್ಲ ಬೆರಕೆಯದು. ಕೆಂಪು ಕಣಗಳಲ್ಲೂ ಪ್ಲೇಟ್‌ಲೆಟ್‌ಗಳಲ್ಲೂ ಮೈಕ್ರೋಆರ್‌ಎನ್‌ಎ ತುಂಬಿದೆ. ಸಿರಿಂಜನ್ನು ಜೋರಾಗಿ ಎಳೆದರೆ, ಸೂಜಿ ಕಳಚದೆ ರಕ್ತವನ್ನು ಟ್ಯೂಬಿಗೆ ಒತ್ತಿದರೆ ಕಣ ಒಡೆದು ಒಳಗಿನದು ಹೊರಬರುತ್ತದೆ. ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಹಾಕಿದ ಟ್ಯೂಬು ಬೇಡ, ಅದು ಈ ಅಣುವನ್ನು ನಕಲು ಮಾಡಿ ಅಳೆಯುವ ಪಿಸಿಆರ್ ಅನ್ನೇ ತಡೆಯುತ್ತದೆ. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬು ಬೇಕು. ಬೇಗನೆ ಗಿರಗಿರ ತಿರುಗಿಸಿ ಕಣ ಬೇರ್ಪಡಿಸುವ ಸೆಂಟ್ರಿಫ್ಯೂಜಿಗೆ ಹಾಕಬೇಕು, ಅದೂ ಎರಡು ಸಲ: ಮೊದಲು 2,000 ಜಿ (ಗುರುತ್ವದ 2,000 ಪಟ್ಟು) ಬಲದಲ್ಲಿ 10 ನಿಮಿಷ, ಆಮೇಲೆ ಪ್ಲೇಟ್‌ಲೆಟ್ ತೆಗೆಯಲು 12,000ಕ್ಕೂ ಮೇಲೆ. ತಳದ ಪದರ ತಾಗದಂತೆ ಮೇಲಿನ ತಿಳಿದ್ರವ, ಅಂದರೆ ಪ್ಲಾಸ್ಮಾ ಎತ್ತಿ ಮೈನಸ್ 80 ಡಿಗ್ರಿಯಲ್ಲಿಡಬೇಕು. ಕಣ ಒಡೆದಿದೆಯೇ ಎಂದು ಕಣ್ಣಿಗೆ ಕಾಣದಿದ್ದರೂ 414 ನ್ಯಾನೊಮೀಟರಿನ ಬೆಳಕಿನಲ್ಲಿ ಹಿಮೋಗ್ಲೋಬಿನ್ ಸಿಕ್ಕಿಬೀಳುತ್ತದೆ.

ಮಿರ್-21 ಎಷ್ಟಿದೆಯೆಂದು ಹೋಲಿಸಿ ನೋಡಲು ಬಹಳ ಕಡೆ ಬಳಸುವ ಇನ್ನೊಂದು ಮೈಕ್ರೋಆರ್‌ಎನ್‌ಎ ಮಿರ್-16 ಕೂಡ ಕೆಂಪು ಕಣದಲ್ಲಿ ಹೇರಳ. ಕಣ ಒಡೆದರೆ ಅದು ಏರುತ್ತದೆ, ಅದಕ್ಕೆ ಹೋಲಿಸಿದ ಮಿರ್-21 ಇಳಿದಂತೆ ತೋರುತ್ತದೆ. ರೋಗವಿದ್ದವರಿಗೂ ಏನಿಲ್ಲವೆಂಬ ವರದಿ ಹೋದೀತು! ಮೇ ತಿಂಗಳಲ್ಲಿ ಚಳ್ಳಕೆರೆಯಿಂದ ಬಸ್ಸಿನಲ್ಲಿ ಕುಲುಕಿ ಬಂದ ಟ್ಯೂಬಾದರೆ, ಯಂತ್ರ ಎಷ್ಟು ದುಬಾರಿಯದಾದರೂ ಓದುವುದು ಬೆರಕೆಯನ್ನೇ. ಇದನ್ನೆಲ್ಲ ತಡೆಯುವವರು ಲ್ಯಾಬ್ ಟೆಕ್ನಿಷಿಯನ್ನರು. ಅವರ ತರಬೇತಿಗೆ, ಸಂಬಳಕ್ಕೆ ದುಡ್ಡಿಲ್ಲವೆನ್ನುವವರು ಯಂತ್ರದ ಉದ್ಘಾಟನೆಗೆ ಮಾತ್ರ ಶಾಮಿಯಾನ ಹಾಕಿಸುತ್ತಾರೆ. 'ಹನಿ ರಕ್ತದಲ್ಲಿ ಕ್ಯಾನ್ಸರ್ ಪತ್ತೆ' ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕುವ ನಾವು ಪತ್ರಿಕೆಯವರೂ ಇವರ ಬಗ್ಗೆ ಒಂದು ಸಾಲು ಬರೆಯುವುದಿಲ್ಲ. ಮುಂಬಯಿಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯವರು 20 ವರ್ಷ ನಡೆಸಿದ ಅಧ್ಯಯನದಲ್ಲಿ, ತರಬೇತಾದ ಕಾರ್ಯಕರ್ತೆಯರು ಕೈಯಿಂದ ಸ್ತನ ಪರೀಕ್ಷೆ ಮಾಡಿದ್ದರಿಂದಲೇ 50 ದಾಟಿದ ಹೆಂಗಸರಲ್ಲಿ ಈ ಕ್ಯಾನ್ಸರಿನ ಸಾವು ಶೇ. 30ರ ಹತ್ತಿರ ಇಳಿಯಿತು. ಅದು ಎಷ್ಟು ಜನರಿಗೆ ಗೊತ್ತು?

ಮೈಕ್ರೋಆರ್‌ಎನ್‌ಎ ಪರೀಕ್ಷೆ ಇನ್ನೂ ಮ್ಯಾಮೊಗ್ರಾಂನ ಜಾಗಕ್ಕೆ ಬಂದಿಲ್ಲ. ಅಮ್ಮನನ್ನು ಕರೆದೊಯ್ಯಿರಿ. ಸ್ತನದಲ್ಲಿ ಗಂಟೇನಾದರೂ ಕೈಗೆ ಸಿಕ್ಕಿದ್ದರೆ ಈ ವಾರವೇ ಹೊರಡಿ: ವೈದ್ಯರ ಕೈಪರೀಕ್ಷೆ, ಮ್ಯಾಮೊಗ್ರಾಂ ಇಲ್ಲವೇ ಸ್ಕ್ಯಾನಿಂಗ್, ಸಂಶಯ ಬಂದರೆ ಸೂಜಿ ಬಯಾಪ್ಸಿ.